ತಾಂಬೂಲ ಕೊಟ್ಟು ಗೊತ್ತು ಮಾಡಿದ ವಕೀಲರು

ಎಪ್ಪತ್ತರ ದಶಕದ ಮಾತು. ನನ್ನ ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ಯಾರದೋ ಸೈಕಲ್ ಕದ್ದ. ಸುಳ್ಳು ಹೇಳಿ ನನಗೇನಾಗಬೇಕು, ಕದ್ದದ್ದು ನಿಜ. ರಾಜಾಜಿನಗರದ ಟಾಕೀಸಿನ ಮುಂದೆ ನಿಂತಿದ್ದ ಸೈಕಲ್ ಏರಿ ನಾಯಂಡಹಳ್ಳಿಯವರೆಗೆ ತುಳಿದು, ಅಲ್ಲೊಂದು ವರ್ಕ್‌ಶಾಪಿನಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ. ಪೊಲೀಸರು ರಿಮಾಂಡ್ ಹೋಮಿಗೆ ಹಾಕಿದರು. ಮಕ್ಕಳ ಕೋರ್ಟಿನಲ್ಲಿ ಕೇಸು. ನಿದ್ದೆಯಲ್ಲಿ ಹೊದಿಕೆ ಒದ್ದು ಬೀಳಿಸುವ ಹುಡುಗ. ಅಲ್ಲಿ ಯಾರು ಹೊದಿಸುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ.

ವಕೀಲರನ್ನು ಹುಡುಕಲು ಯಜಮಾನರು ಹೊರಟರು. ಮಗಳಿಗೆ ಗಂಡು ಹುಡುಕುವ ಹಾಗೆಯೇ ಹುಡುಕಿದರು: ನಮ್ಮವರಾ, ಯಾವ ಊರ ಕಡೆಯವರು, ಮನೆತನ ಹೇಗೆ? ಬಸವೇಶ್ವರನಗರದಲ್ಲಿ ಒಬ್ಬರು ಸಿಕ್ಕರು. ಹಣೆ ತುಂಬ ವಿಭೂತಿ, ತೂಕದ ಮಾತು. ಜಮೀನು, ಸೈಟಿನ ವ್ಯಾಜ್ಯದಲ್ಲಿ ಎತ್ತಿದ ಕೈ. ಸೋಮವಾರ ಬೆಳಗ್ಗೆ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟು ತಾಂಬೂಲ ಕೊಟ್ಟು ಕೇಸು ಒಪ್ಪಿಸಿ ಬಂದರು.

ಅದಾದ ಮೇಲೆ ಎದುರುಮನೆಯ ಟೀಚರಮ್ಮ ನನ್ನನ್ನು ಹೊಸಹಳ್ಳಿಯ ಒಬ್ಬ ಲೇಡಿ ಲಾಯರ್ ಹತ್ತಿರ ಕರೆದುಕೊಂಡು ಹೋದರು. ಅವರು ನಡೆಸುತ್ತಿದ್ದದ್ದು ಮಕ್ಕಳ ಕೇಸುಗಳನ್ನೇ.

"ಮೊದಲ್ನೇ ತಪ್ಪು. ಅಪ್ಪ ಅಮ್ಮ ಇಬ್ರೂ ಮ್ಯಾಜಿಸ್ಟ್ರೇಟರ ಎದುರಿಗೆ ನಿಂತು, ಇನ್ಮೇಲೆ ನಾವು ನೋಡ್ಕೋತೀವಿ ಅನ್ಬೇಕು. ಬುದ್ಧಿ ಹೇಳಿ ಮನೆಗೆ ಕಳಿಸ್ತಾರೆ. ಕೇಸು ಎಳೀಬಾರ್ದು ಅಷ್ಟೇ," ಎಂದರು.

ಮನೆಗೆ ಬಂದು ಹೇಳಿದೆ. ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.

"ಕೊಟ್ಟ ತಾಂಬೂಲ ವಾಪಸ್ ಕೇಳ್ಲಾ? ನಾಳೆ ನಮ್ಮವರಿಗೆ ಹೇಗೆ ಮುಖ ತೋರಿಸ್ಲಿ?"

"ರೀ, ನಿಮಗೂ ಲಾಯರಿಗೂ ನಿಶ್ಚಿತಾರ್ಥ ಆಗಿಲ್ಲ. ಒಳಗಿರೋದು ನಮ್ಮ ಮಗ."

"ಹೆಂಗಸರಿಗೆ ಕೋರ್ಟು ಕಚೇರಿ ಅರ್ಥ ಆಗಲ್ಲ ಕಣೇ. ಸುಮ್ನಿರು."

ಎದ್ದು ಅಡುಗೆಮನೆಗೆ ಹೋದೆ. ಇನ್ನೇನು ಮಾಡಲಿ? ಸಹಿ ಅವರದು, ಮಾತು ಅವರದು. ಅವತ್ತು ನಾನು ಪಾತ್ರೆ ತೊಳೆದ ಸದ್ದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸಿರಬೇಕು.

ಮೊದಲ ಸಲ ನಮ್ಮ ವಕೀಲರು ವಾಯಿದೆ ಕೇಳಿ ಕೇಸು ಮುಂದೂಡಿಸಿದರು. ಎರಡನೇ ಸಲವೂ ವಾಯಿದೆ. "ಎಳೆದಷ್ಟೂ ಎದುರು ಪಾರ್ಟಿ ಸುಸ್ತಾಗ್ತಾನೆ ತಾಯಿ," ಎಂದು ನನಗೆ ಸಮಾಧಾನ ಹೇಳಿದರು. ಯಾವ ಎದುರು ಪಾರ್ಟಿ? ಸೈಕಲಿನವನು ತನ್ನ ಸೈಕಲ್ ತೆಗೆದುಕೊಂಡು ಹೋಗಿ ಎಷ್ಟೋ ದಿನವಾಗಿತ್ತು. ಸುಸ್ತಾಗುತ್ತಿದ್ದವನು ನನ್ನ ಮಗ. ಬೆರಳ ಸಂದಿಯಲ್ಲೆಲ್ಲ ಕಜ್ಜಿ, ಕುತ್ತಿಗೆಯ ಮೂಳೆ ಕಾಣುತ್ತಿತ್ತು.

ಮೂರನೇ ಸಲ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನಮ್ಮ ಕಡೆ ನೋಡಿದರು. "ಇವತ್ತೇ ಮುಗಿಸಬಹುದಲ್ಲ? ಮನೆಯವರು ಏನಂತೀರಿ?"

ನಾನು ಏಳುವಷ್ಟರಲ್ಲಿ ನಮ್ಮ ವಕೀಲರು ಎದ್ದು ನಿಂತಿದ್ದರು. ಅಭ್ಯಾಸಬಲ. "ಸ್ವಲ್ಪ ಕಾಲಾವಕಾಶ ಬೇಕು ಸ್ವಾಮಿ."

"ಬೇಡ ಸಾರ್," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ವಕೀಲರು ತಿರುಗದೆಯೇ ಹಿಂದಕ್ಕೆ ಕೈ ಬೀಸಿದರು. ಯಜಮಾನರು ಸೆರಗು ಹಿಡಿದೆಳೆದು ಕೂರಿಸಿದರು. ಮುಂದಿನ ತಿಂಗಳಿಗೆ ದಿನ ಕೊಟ್ಟಾಯಿತು.

ಹೊರಗೆ ವಕೀಲರ ಮುಖ ಅರಳಿತ್ತು. "ಕೇಳಿದ ತಕ್ಷಣ ಕೊಟ್ರು, ನೋಡಿದ್ರಾ?"

"ನಿಮ್ಮ ಉಪಕಾರ ಸಾರ್," ಎಂದು ಯಜಮಾನರು ಎರಡೂ ಕೈ ಎತ್ತಿ ಮುಗಿದರು. ಅವರ ಬೆನ್ನ ಹಿಂದೆ ಪೊಲೀಸಿನವನು ಮಗನನ್ನು ವ್ಯಾನಿಗೆ ಹತ್ತಿಸುತ್ತಿದ್ದ.

"ಅಮ್ಮಾ, ಇವತ್ತೂ ಇಲ್ವಾ?" ಎಂದು ಅವನು ನನ್ನನ್ನು ಕೇಳಿದ.