ಟೊಳ್ಳು ನೆಲದ ಮೇಲೆ ಫಕ್ರುಸಾಬ

ಇಳಕಲ್ಲಿನ ಗೌಂಡಿ ಫಕ್ರುಸಾಬ ಮೂವತ್ತೈದು ವರ್ಷ ನೆಲಕ್ಕೆ ಕಲ್ಲು ಹಾಸಿದವನು. ಹಸಿವು ನುಂಗಿಕೊಂಡಾನು, ಅವಮಾನ ನುಂಗುವ ಆಸಾಮಿಯಲ್ಲ. ನಾಲ್ಕು ಜನರ ಮುಂದೆ ಅವನ ಕೈಕೆಲಸವನ್ನು ಹೀಗಳೆದವನು ಗುತ್ತಿಗೆದಾರ ಆನಂದ.

ಹುನಗುಂದದ ಕಡೆಯ ಒಂದು ಸಭಾಭವನದ ಟೆಂಡರನ್ನು ಆನಂದ ಎಲ್ಲರಿಗಿಂತ ಕಡಿಮೆ ದರಕ್ಕೆ ಹಿಡಿದು, ನೆಲ ಹಾಸಲು ಫಕ್ರುಸಾಬನನ್ನು ಕರೆದಿದ್ದ. ಮೊದಲಾದರೆ ಫಕ್ರುಸಾಬನೇ ಪಾಲಿಶ್ ಕಾರ್ಖಾನೆಗೆ ಹೋಗಿ, ಒಂದೇ ದಪ್ಪದ ಕಲ್ಲು ಆರಿಸಿ, ಬೆನ್ನಿಗೆ ನಂಬರು ಬರೆದು ತರುತ್ತಿದ್ದ. ಸಂಜೆಯೊಳಗೆ ಒಂದು ಕೋಣೆ ಮುಗಿಯುತ್ತಿತ್ತು. ಆನಂದ ಅದನ್ನು ನಿಲ್ಲಿಸಿ, ಎಲ್ಲಿ ಅಗ್ಗವೋ ಅಲ್ಲಿಂದ ತರಿಸಿದ. ಒಂದು ಕಲ್ಲು ಬೆರಳು ದಪ್ಪ, ಇನ್ನೊಂದು ಅರ್ಧ ಬೆರಳು. ಪ್ರತಿಯೊಂದನ್ನೂ ಎತ್ತಿ, ಕೆಳಗಿನ ಸಿಮೆಂಟು ಸರಿಮಾಡಿ, ಮತ್ತೆ ಕೂರಿಸಬೇಕು. ಲಾರಿ ಬಾರದ ದಿನ ಎಲ್ಲರೂ ಬೇವಿನ ಗಿಡದ ಕೆಳಗೆ ನೊಣ ಹೊಡೆಯುತ್ತ ಕೂತರು. ಕೆಲಸ ಓಡುವುದಾದರೂ ಹೇಗೆ?

"ಚಾಚಾ, ನಿನಗ ವಯಸ್ಸಾತು. ಕೈ ನಡಿಯವಲ್ದು, ಮನಿಗೆ ನಡಿ," ಎಂದುಬಿಟ್ಟ ಆನಂದ.

ಆ ಜಾಗಕ್ಕೆ ಬೀರೇಶನ ತಂಡ ಬಂತು, ಅಡಿಗಿಷ್ಟು ಕೂಲಿ ಎಂಬ ಲೆಕ್ಕದಲ್ಲಿ. ಹಾಗಿದ್ದ ಮೇಲೆ ಕಲ್ಲನ್ನು ಎರಡು ಸಲ ಯಾರು ಎತ್ತುತ್ತಾರೆ? ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟು ಇಟ್ಟು ಒತ್ತಿದರು. ವಾರದೊಳಗೆ ನೆಲ ಫಳಫಳ.

"ಬಿಟ್ಟ ಬಿಡ್ರಿ," ಎಂದಳು ಹೆಂಡತಿ ಮಾಸುಮಬಿ.

"ಬಿಡಂಗಿಲ್ಲ," ಎಂದ ಫಕ್ರುಸಾಬ.

ತಪಾಸಣೆಗೆ ಎಂಜಿನಿಯರ್ ಆಯೇಶಾ ಬಂದ ದಿನ, ಇಸ್ತ್ರಿ ಅಂಗಿ ತೊಟ್ಟು, ಕಟ್ಟಿಗೆಯ ಸುತ್ತಿಗೆ ಹಿಡಿದು ಹೋದ. "ಮೇಡಮ್ಮಾರ, ಒಂದ ನಿಮಿಷ ಕೇಳ್ರಿ," ಎಂದು ಕಲ್ಲುಗಳನ್ನು ಕುಟ್ಟತೊಡಗಿದ. ಡಬ್ ಡಬ್ ಎಂಬ ಟೊಳ್ಳು ಸದ್ದು; ನಡುವೆ ಸಿಮೆಂಟೇ ಇಲ್ಲ. ಅಂಥ ಕಲ್ಲಿಗೆಲ್ಲ ಸೀಮೆಸುಣ್ಣದ ಗೀಟು ಎಳೆಯುತ್ತ ಹೋದ. ಅರ್ಧ ಭವನ ಬೆಳ್ಳಗಾಯಿತು. ಆನಂದನ ಮುಖ ಇಂಗು ತಿಂದ ಮಂಗನಂತಾಗಿದ್ದನ್ನು ಕಂಡು ಫಕ್ರುಸಾಬನಿಗೆ ಬಿರಿಯಾನಿ ಉಂಡಷ್ಟು ಖುಷಿಯಾಯಿತು.

ಆದರೆ ಆನಂದ ಬೀರೇಶನ ಕಡೆ ತಿರುಗಿದ. "ನಿಂದ ತಪ್ಪು. ಎಲ್ಲಾ ಕಿತ್ತು ಬಿಟ್ಟಿ ಮತ್ತ ಹಾಸು."

ಬೀರೇಶ ಫಕ್ರುಸಾಬನನ್ನೇ ನೋಡಿದ. "ಚಾಚಾ, ನಿಮ್ಮ ಸಿಟ್ಟು ನಮ್ಮ ಹೊಟ್ಟಿ ಮ್ಯಾಲ ಬಿತ್ತಲ್ರಿ."

ಮುದುಕನಿಗೆ ಚುರುಕ್ ಎಂದಿತು. ಇದನ್ನು ಅವನು ಯೋಚಿಸಿರಲೇ ಇಲ್ಲ. ಸರ್ರನೆ ಮೂರು ಕಲ್ಲು ಎಬ್ಬಿಸಿ ಆಯೇಶಾಳ ಮುಂದಿಟ್ಟ. "ಅಳೀರಿ ಮೇಡಮ್. ಇಂಥಾ ಕಲ್ಲು ತಂದಾಂವ ಯಾರು ಕೇಳ್ರಿ."

ಮೂರಕ್ಕೂ ಮೂರು ದಪ್ಪ. ಟೆಂಡರಿನಲ್ಲಿ ಒಂದೇ ದಪ್ಪ ಎಂದಿತ್ತು. ಹೊಸ ಕಲ್ಲು, ಕಿತ್ತು ಹಾಸುವ ಕೂಲಿ ಎಲ್ಲ ಆನಂದನ ಖರ್ಚು ಎಂದು ಬರೆದಳು ಆಯೇಶಾ.

ಆನಂದ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಚಾಚಾ, ಕಲ್ಲು ನೀವ ಆರಿಸಿಕೊಡ್ರಿ. ನಿಮ್ಮ ಕೈಯಾಗ ಏನೂ ತಪ್ಪಿರಲಿಲ್ಲ."

"ಎಲ್ಲಾರಿಗೂ ಕೇಳೂ ಹಂಗ ಹೇಳು."

ಆನಂದ ಹೇಳಿದ. ಫಕ್ರುಸಾಬ ಮತ್ತೊಮ್ಮೆ ಹೇಳಿಸಿದ, ಇನ್ನೂ ಜೋರಾಗಿ. ಆಮೇಲೆ ಬೀರೇಶನ ಹೆಗಲ ಮೇಲೆ ಕೈಯಿಟ್ಟ.

"ನಾಳೆ ಕಾರ್ಖಾನಿಗೆ ಬಾ. ಕಲ್ಲು ಆರಿಸೂದು ನಿನಗ ಕಲಸ್ತೇನಿ. ಇವಗ ಮಾತ್ರ ಜಲ್ಮದಾಗ ಕಲಸಂಗಿಲ್ಲ."