ಕಾಶೆವ್ವ ಯಾವ ಗ್ರೂಪಿನಲ್ಲಿದ್ದಳು?

ನಮ್ಮ ಓಣಿಯ ಬಸಲಿಂಗಯ್ಯನವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಶಾಂತಾದೇವಿ ಚಾಡಿ ಹೇಳಿದಳು ಅನ್ನಬೇಡಿ. ಅಂಬೇವಾಡಿಯ ಎಷ್ಟೋ ಮನೆಗಳಿಗೆ ಅವರೇ ಅಯ್ನೋರು, ಅಂದರೆ ಜಂಗಮ ಗುರುಗಳು. ತೊಟ್ಟಿಲು, ಮದುವೆ, ಮಣ್ಣು, ಎಲ್ಲಕ್ಕೂ ಅವರೇ ಬರಬೇಕು. ಉಳಿದ ಹೊತ್ತಿಗೆ ವಿಭೂತಿ, ಊದಿನಕಡ್ಡಿ ಮಾರುವ ಸಣ್ಣ ಅಂಗಡಿ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಕೈಗೆ ದೊಡ್ಡ ಫೋನು ಬಂತು. ಓಣಿಯವರನ್ನೆಲ್ಲ ಸೇರಿಸಿ ‘ಓಣಿ ಮಾತುಕತೆ’ ಅಂತ ವಾಟ್ಸಾಪ್ ಗ್ರೂಪು ಮಾಡಿ ತಾವೇ ಅಡ್ಮಿನ್ ಆಗಿ ಕುಳಿತರು.

ದಿನಾ ಬೆಳಿಗ್ಗೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಹಾಕುವರು. ಅದರ ಕೆಳಗೆ ನಿಯಮ: ಏಕವಚನ ಕೂಡದು, ಬೈದವರನ್ನು ತೆಗೆಯಲಾಗುವುದು, ತಪ್ಪೊಪ್ಪಿಕೊಂಡರೆ ಮಾತ್ರ ಮತ್ತೆ ಸೇರಿಸಲಾಗುವುದು. ನಿಯಮ ಕೆಟ್ಟದ್ದೆಂದು ನಾನೂ ಅನ್ನುವುದಿಲ್ಲ. ಗ್ರೂಪು ಶುರುವಾದ ವಾರವೇ ನಾಯಿ, ನಲ್ಲಿ, ಬೈಕು ನಿಲ್ಲಿಸುವ ಜಾಗ ಎಂದು ಒಬ್ಬರು ಇನ್ನೊಬ್ಬರ ಮನೆತನವನ್ನೇ ಜಾಲಾಡಿದ್ದರು. ಎದುರಿಗೆ ಸಿಕ್ಕರೆ ‘ಚಹಾ ಆತೇನ್ರಿ’ ಎನ್ನುವ ಅದೇ ಜನ!

ನನ್ನ ಪಕ್ಕದ ಮನೆಯ ವೀರೇಶ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಗಟಾರ ಕಟ್ಟಿ ಅವನ ಮನೆಯೊಳಗೆ ಹೊಲಸು ನೀರು ನುಗ್ಗಿತು. ಗ್ರೂಪಿನಲ್ಲಿ ಕೂಗಾಡಿದ. ಬಸಲಿಂಗಯ್ಯ, ‘ಭಾಷೆಯ ಮೇಲೆ ಹಿಡಿತವಿರಲಿ’ ಎಂದು ಬರೆದರು. ವೀರೇಶ ಬಿಡಲಿಲ್ಲ: ‘ಮನಿಯಾಗ ಗಟಾರ ಹರಿಯಾಕತ್ತೈತಿ, ನಿನಗ ಭಾಷಾದ ಚಿಂತಿ. ಲೇ ಅಯ್ಯಾ, ಮೊದಲ ನಿನ್ನ ಅಂಗಡಿ ಮುಂದಿನ ಕಸಾ ತಗಿ.’

ಅಯ್ನೋರಿಗೆ ‘ಲೇ’! ಆ ಕ್ಷಣವೇ ಅವನನ್ನು ತೆಗೆದು ಹಾಕಿದರು. ಗಟಾರ ಮಾತ್ರ ಹಾಗೇ ಉಳಿಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ವೀರೇಶನ ತಾಯಿ ಕಾಶೆವ್ವ ಚಿಗಳ್ಳಿಯಿಂದ ಸೊಸೆಯಾಗಿ ಬಂದವಳು. ಅಂದಿನಿಂದ ಅವಳದೊಂದು ನೇಮ. ಸೋಮವಾರ ಅಯ್ನೋರು ಮನೆಗೆ ಬರಬೇಕು, ಅವರ ಪಾದ ತೊಳೆದು, ಜೋಳಿಗೆಗೆ ಹಿಟ್ಟು ನೀಡಿದ ಮೇಲೇ ಅವಳ ಬಾಯಿಗೆ ತುತ್ತು. ಮೊದಲು ಬಸಲಿಂಗಯ್ಯನವರ ತಂದೆ ಬರುತ್ತಿದ್ದರು, ಆಮೇಲೆ ಇವರು. ವೀರೇಶನನ್ನು ತೆಗೆದ ಮೇಲೆ ಇವರು ಆ ಮನೆಯ ಮೆಟ್ಟಿಲು ತುಳಿಯುವುದನ್ನೇ ಬಿಟ್ಟರು.

ಮುದುಕಿ ಸೋಮವಾರ ಮಡಿಯಾಗಿ, ತಂಬಿಗೆ ತುಂಬಿಟ್ಟು, ಹೊಸ್ತಿಲಲ್ಲಿ ಕೂರುವಳು. ಸಕ್ಕರೆ ಕಾಯಿಲೆಯವಳು ಬೇರೆ. ‘ಉಣ್ಣಬೇ’ ಎಂದು ಮಗ ಎಷ್ಟು ಗದರಿದರೂ ‘ಅಯ್ನೋರು ಬರ್ಲಿ ತಡಿಯೋ’ ಎಂದೇ ಅವಳ ಮಾತು. ಮಂಗಳವಾರ ಬೆಳಗಾದ ಮೇಲೇ ತುತ್ತು. ಯಾಕೆ ಬರುವುದಿಲ್ಲವೆಂದು ಮಗ ಹೇಳಲಿಲ್ಲ. ಬೇರೆ ಅಯ್ನೋರನ್ನು ಕರೆಯೋಣವೆಂದರೆ ಅವಳು ಒಪ್ಪಲಿಲ್ಲ. ತಪ್ಪಾಯಿತು ಅನ್ನಲು ಅವನು ತಯಾರಿಲ್ಲ, ಅನ್ನಿಸಿಕೊಳ್ಳದೆ ಬರಲು ಇವರು ತಯಾರಿಲ್ಲ. ಇಬ್ಬರ ನಡುವೆ ಹಸಿದು ಕೂತವಳು ಅವಳು.

ಒಂದು ಸೋಮವಾರ ಮಧ್ಯಾಹ್ನ ತಂಬಿಗೆ ಉರುಳಿದ ಸದ್ದಾಯಿತು. ಓಡಿಹೋದೆ. ಕಾಶೆವ್ವ ಬೆವರಿ, ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಉಪವಾಸದಿಂದ ಮೈಯಲ್ಲಿ ಸಕ್ಕರೆ ಇಳಿದಿರಬೇಕೆಂದು ಬಾಯಿಗೆ ಸಕ್ಕರೆ ಹಾಕಿದೆ. ಕಣ್ಣು ಬಿಟ್ಟವಳು ಅದನ್ನು ಉಗುಳಲು ನೋಡಿದಳು. ಗದ್ದ ಹಿಡಿದು ನುಂಗಿಸಿದೆ. ಆಮೇಲೆ ಹಿತ್ತಲಿನಿಂದ ಓಡಿಬಂದ ವೀರೇಶನ ಹೆಂಡತಿಯನ್ನು ಅವಳ ಪಕ್ಕದಲ್ಲಿ ಕೂರಿಸಿ, ಕಾಲಿಗೆ ಚಪ್ಪಲಿಯೂ ಇಲ್ಲದೆ ಬಸಲಿಂಗಯ್ಯನವರ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಇರಲಿ ಎಂದುಕೊಂಡೆ.

“ಕಾಶೆವ್ವ ಉಪಾಸ ಬಿದ್ದು ಸಾಯಾಕತ್ತಾಳ. ಯಾಕ ಹೋಗವಲ್ರಿ?”

“ನಿಯಮ ಎಲ್ಲಾರಿಗೂ ಒಂದ ನೋಡ್ರಿ ಶಾಂತಕ್ಕ. ಅವ ತಪ್ಪಾತು ಅನ್ಲಿ, ನಾಳೆನ ಬರ್ತೇನಿ.”

“ಅವನ್ನ ಗ್ರೂಪಿನ್ಯಾಗಿಂದ ತಗದ್ರಿ, ಸರಿ. ಆಕಿ ಯಾವ ಗ್ರೂಪಿನ್ಯಾಗ ಇದ್ಲರಿ? ಆಕೀಗೆ ಫೋನ್ ಹಿಡಿಯಾಕನೂ ಬರಂಗಿಲ್ಲ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ತೀರಲ್ಲ, ನೀವ್ಯಾ ಸೀಮಿ ಅಯ್ನೋರ್ರಿ?”

ಅವರ ಮುಖ ಕೆಂಪಾಯಿತು. ಊದಿನಕಡ್ಡಿಯ ಕಟ್ಟುಗಳನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸಿದರು. ನಾನು ಬಂದುಬಿಟ್ಟೆ.

ಹಿಂದಿನಿಂದಲೇ ಬಂದರು, ಹೆಗಲಿಗೆ ಜೋಳಿಗೆ ಹಾಕಿಕೊಂಡು. ವೀರೇಶನೂ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಬಾಗಿಲಿಗೆ ಅಡ್ಡ ನಿಂತ. ಇನ್ನೇನು ಕೈ ಎತ್ತುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕಾಶೆವ್ವ, “ಅಯ್ನೋರು ಬಂದ್ರೇನೋ? ನೀರು ಹಾಕೋ” ಅಂದಳು. ಅವಳ ಕೈ ನಡುಗುತ್ತಿತ್ತು, ತಂಬಿಗೆ ನಿಲ್ಲುತ್ತಿರಲಿಲ್ಲ. ವೀರೇಶ ಹಲ್ಲು ಕಚ್ಚಿಕೊಂಡು ತಂಬಿಗೆ ತೆಗೆದುಕೊಂಡ. ಅವನು ನೀರು ಹಾಕಿದ, ಅವಳು ಪಾದ ತೊಳೆದಳು.

ತೊಳೆದು, ಕೈ ಜೋಡಿಸಿ ಕೇಳಿದಳು: “ನನ್ನಿಂದ ಏನ್ ತಪ್ಪಾಗಿತ್ರಿ ಅಯ್ನೋರ? ಏನಾಗಿದ್ರೂ ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೊಳ್ರಿ.”

ದಿನಾ ಓಣಿಗೆಲ್ಲ ಮಾತು ಕಲಿಸುವವರು ಜೋಳಿಗೆಯಲ್ಲಿ ವಿಭೂತಿಗಾಗಿ ತಡಕಾಡಿದರು. ಸಿಕ್ಕ ಮೇಲೆ ಅವಳ ಹಣೆಗೆ ಎರಡೆರಡು ಸಲ ಹಚ್ಚಿದರು. ನನಗೆ ಅಯ್ಯೋ ಅನ್ನಿಸಲಿಲ್ಲ. ತಡಕಾಡಲಿ ಅನ್ನಿಸಿತು.

ಮರುದಿನ ಅವರಾಗಿಯೇ ವೀರೇಶನನ್ನು ಗ್ರೂಪಿಗೆ ಸೇರಿಸಿದರು. ಅವನು ‘ಶರಣ್ರಿ’ ಎಂದಷ್ಟೇ ಬರೆದು, ಅಲ್ಲಿಂದ ಹೊರಬಿದ್ದ. ಬಸಲಿಂಗಯ್ಯ ಈಗಲೂ ಬೆಳಿಗ್ಗೆ ಅದೇ ಗಾದೆ ಹಾಕುತ್ತಾರೆ, ಆದರೆ ಸೋಮವಾರ ಹಾಕುವುದಿಲ್ಲ. ಆ ದಿನ ಅವರು ಕಾಶೆವ್ವನ ಮನೆಗೆ ಹೊತ್ತಿಗೆ ಮೊದಲೇ ಬರುತ್ತಾರೆ. ವೀರೇಶ ಅವರ ಮುಖ ನೋಡದೆ ಪಾದಕ್ಕೆ ನೀರು ಹಾಕುತ್ತಾನೆ. ಅವರು ಹೊರಟ ಮೇಲೆ ಕಾಶೆವ್ವ ಉಣ್ಣುತ್ತಾಳೆ.