ಬೆಳಗಿನ ದೋಷ, ಹನ್ನೊಂದರ ಸಾಹೇಬರು

ನಾನು ಸುಳ್ಳು ದೂರು ಕೊಟ್ಟೆನೆಂದು ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆಯಲಾಯಿತು. ಎಪ್ಪತ್ತರ ದಶಕದ ಮಾತು. ಶಾಯಿ ಮಾಸಿರಬಹುದು, ನನಗೆ ಮಾಸಿಲ್ಲ.

ಆಗ ನಾನು ಸಿಂದಗಿ ಸೀಮೆಯ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಂಗಾಮಿ ಆಪರೇಟರ್. ಹುರಿಯ ತುದಿಯನ್ನು ಸ್ವಿಚ್‌ಬೋರ್ಡ್ ಹಲಗೆಯ ಸರಿಯಾದ ರಂಧ್ರಕ್ಕೆ ಸೇರಿಸಿದೊಡನೆ, ಇಂಡಿ ಪಟ್ಟಣದ ವ್ಯಾಪಾರಿಯೊಬ್ಬ ಬಾಗೇವಾಡಿಯ ಅಳಿಯನನ್ನು ಬರಿಯ ಕೆಮ್ಮಿನಿಂದಲೇ ಗುರುತಿಸುವ ಆ ಸೋಜಿಗಕ್ಕೆ ನಾನು ಮನಸೋತಿದ್ದೆ, ಮಿತ್ರರೇ. ಆ ಕೆಲಸ ಕಾಯಂ ಆಗಬೇಕೆಂಬುದೊಂದೇ ನನ್ನ ಹಂಬಲ.

ಮಾಗಿ ಮುಗಿಯುವ ಹೊತ್ತಿಗೆ ಸಿಂದಗಿಗೆ ಹೋಗುವ ತಂತಿಮಾರ್ಗಕ್ಕೊಂದು ವಿಚಿತ್ರ ವ್ಯಾಧಿ ತಗುಲಿತು. ಬೆಳಗ್ಗೆ ದನಿ ಬಾವಿಯ ತಳದಿಂದ ಬಂದಂತೆ ಕ್ಷೀಣ. ಹತ್ತು ಗಂಟೆ ದಾಟಿದರೆ ಸ್ಫಟಿಕದಂತೆ ಸ್ವಚ್ಛ. ಮೂರು ಬಾರಿ ದೂರು ಬರೆದೆ. ಮೂರು ಬಾರಿಯೂ ಇನ್‌ಸ್ಪೆಕ್ಟರ್ ಸಾಹೇಬರು ಹನ್ನೊಂದರ ಬಸ್ಸಿಗೆ ಬಂದಿಳಿದರು.

“ಏನ್ರಿ ಆಪರೇಟರ್ರ, ಲೈನ್ ಗಂಟಿ ಹೊಡದಂಗ ಐತಲ್ರಿ! ದೋಷ ತಂತ್ಯಾಗಿಲ್ಲ, ನಿಮ್ಮ ಕಿವ್ಯಾಗೈತಿ,” ಎಂದರು. ಮೂರನೆಯ ಸಲ ‘ಸುಳ್ಳು ದೂರು. ಕಾಯಂ ಮಾಡಲು ಯೋಗ್ಯನಲ್ಲ’ ಎಂದು ಬರೆದು ಎರಡರ ಬಸ್ಸು ಹಿಡಿದರು.

ಸಿಟ್ಟಿಗಿಂತ ಕುತೂಹಲವೇ ನನ್ನನ್ನು ಹೆಚ್ಚು ಕಾಡಿತು. ತಂತಿಗೆ ಗಡಿಯಾರ ನೋಡಲು ಬರುತ್ತದೆಯೇ? ಮರುದಿನ ಬೆಳಕು ಹರಿಯುತ್ತಲೇ ಲೈನ್‌ಮನ್ ಭೀಮಣ್ಣನೊಡನೆ ಸೈಕಲ್ ಏರಿದೆ. ಮಾರ್ಗದ ನಡುವೆ ತಂತಿ ಬಿಡಿಸಿ ಎರಡೂ ಕಡೆ ಮಾತಾಡಿ ನೋಡುವುದು, ನಿರೋಗಿಯಾದ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಮತ್ತೆ ಸೀಳುವುದು: ಹೀಗೆ ಕಿರಿದಾಗುತ್ತ ಬಂದ ಸಂಶಯ ಕೊನೆಗೆ ಒಂದು ಹೊಲದ ಬದುವಿನಲ್ಲಿ ನಿಂತಿತು. ಅಲ್ಲಿ ಜೋಳದ ಒಣದಂಟಿನ, ನಮ್ಮ ಮಾತಿನಲ್ಲಿ ಕಣಿಕೆಯ, ಹೊಸ ಬಣವೆ; ಅದರ ನೆತ್ತಿ ನೇರ ತಂತಿಗೆ ತಾಗಿತ್ತು. ದನಗಳಿಗೆ ಮೇವನ್ನು ಪಕ್ಕದಿಂದ ಹಿರಿಯುವುದು ನಮ್ಮ ಕಡೆಯ ರೂಢಿ; ಆದ್ದರಿಂದ ನೆತ್ತಿ ತಗ್ಗುವುದೇ ಇಲ್ಲ. ಇಬ್ಬನಿಯಲ್ಲಿ ತೊಯ್ದ ಕಣಿಕೆ ಊರಿನ ಮಾತನ್ನೆಲ್ಲ ನೆಲಕ್ಕೆ ಇಳಿಸುತ್ತಿತ್ತು. ಬಿಸಿಲೇರಿ ಒಣಗಿದೊಡನೆ ಏನೂ ಅರಿಯದ ಹುಲ್ಲು!

“ಕಾಕಾ, ಬಣವಿ ತುದಿ ಇಳಸ್ರಿ,” ಎಂದ ಭೀಮಣ್ಣ.

“ಬಣವಿ ಎದ್ದು ಅಡ್ಡಾಡತೈತೇನಲೇ? ನಿನ್ನ ತಂತಿನ ಜೋತು ಬಿದ್ದು ಅದರ ಮ್ಯಾಲ ಕುಂತೈತಿ. ಮದ್ಲ ಅದನ್ನ ಜಗ್ಗು!” ಎಂದ ಹೊಲದ ಮುದುಕ.

ತಂತಿ ಸಡಿಲಾಗಿದ್ದದ್ದೂ ನಿಜವೇ. ಭೀಮಣ್ಣ ಬಿಗಿದ, ಮುದುಕ ಗೊಣಗುತ್ತಲೇ ನೆತ್ತಿ ಇಳಿಸಿದ. ತಾಮ್ರ ಮಾತನ್ನು ಒಯ್ಯುತ್ತದೆಂದು ನಾವು ಹಿಗ್ಗುತ್ತೇವೆ. ಆದರೆ ಕಂಬದ ಮೇಲಿನ ಪಿಂಗಾಣಿಯ ಬಟ್ಟಲು ಅದನ್ನು ಎಲ್ಲದರಿಂದ ದೂರ ಹಿಡಿದಿದ್ದರೆ ಮಾತ್ರ ಆ ಹಿಗ್ಗಿಗೆ ಅರ್ಥ. ಏನನ್ನೂ ಮುಟ್ಟದೆ ಇರುವುದರಿಂದಲೇ ತಂತಿ ಎಲ್ಲರನ್ನೂ ಮುಟ್ಟುತ್ತದೆ.

ಮರುದಿನ ಬೆಳಗ್ಗೆ ಸಿಂದಗಿ ಎದುರು ಕೂತು ಮಾತಾಡಿದಂತೆ ಕೇಳಿಸಿತು. ಸಾಹೇಬರು ಬಂದು, ದೂರಿನ ಪುಸ್ತಕದಲ್ಲಿ ‘ಬಣವೆಯಿಂದ ದೋಷ, ನಿವಾರಿಸಲಾಗಿದೆ’ ಎಂದು ಬರೆದು ಸಹಿ ಹಾಕಿದರು. ಆದರೆ ಸೇವಾ ಪುಸ್ತಕದ ಕೆಂಪು ಸಾಲನ್ನು ಹೊಡೆದುಹಾಕಲಿಲ್ಲ. ಆ ವರ್ಷ ಕಾಯಂ ಆದವರ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಸಾಹೇಬರೇ, ಎರಡೂ ಬರಹ ನಿಮ್ಮವೇ. ಇಲ್ಲದ ದೋಷವನ್ನು ನೀವು ನಿವಾರಿಸಿದ್ದು ಹೇಗೆ? ದೋಷ ಇದ್ದದ್ದೇ ಆದರೆ, ಸುಳ್ಳು ಬರೆದವರು ನಮ್ಮಿಬ್ಬರಲ್ಲಿ ಯಾರು?